ಬ್ಲೂಸ್ ತಟ್ಟೆಗಳಿಗೆ ಮರುಜೀವ, ಹಾಡಿದವರ ಪಾಲಿಗೆ ಏನು?

ಅಮೆರಿಕದ ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಸುಮಾರು 15,000 ಜನರಿರುವ ಸಣ್ಣ ಪಟ್ಟಣ. ರಯಾನ್ ಕೂಗ್ಲರ್ ನಿರ್ದೇಶಿಸಿ 2025ರ ಏಪ್ರಿಲ್‌ನಲ್ಲಿ ತೆರೆಗೆ ಬಂದ ‘ಸಿನ್ನರ್ಸ್’ ಚಿತ್ರದ ಕಥೆ 1932ರಲ್ಲಿ ಇದೇ ಊರಿನಲ್ಲಿ ನಡೆಯುತ್ತದೆ. ಹತ್ತಿ ಹೊಲಗಳಲ್ಲಿ ಕೋರಿಗೆ ದುಡಿಯುತ್ತಿದ್ದ ಕಪ್ಪು ಜನರು ವಾರದ ಕೊನೆಗೆ ಸೇರಿ ಕುಡಿದು ಕುಣಿಯುತ್ತಿದ್ದ ‘ಜೂಕ್ ಜಾಯಿಂಟ್’ ಎಂಬ ಜಾಗವೂ ಅಲ್ಲಿ ಗಿಟಾರು ಹಿಡಿದು ಕಪ್ಪು ಅಮೆರಿಕನ್ನರ ಜಾನಪದ ಸಂಗೀತವಾದ ಬ್ಲೂಸ್ ಹಾಡುವ ಪಾದ್ರಿಯ ಮಗನೂ ಆ ಕಥೆಯ ನಡುವೆ ಇದ್ದಾರೆ. ಚಿತ್ರ ಜಗತ್ತಿನಾದ್ಯಂತ 36 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೆ ಅದು ಬಿಡುಗಡೆಯಾದಾಗ ಕ್ಲಾರ್ಕ್ಸ್‌ಡೇಲ್‌ನಲ್ಲಿ ಒಂದೂ ಚಿತ್ರಮಂದಿರವಿರಲಿಲ್ಲ. ಊರಿನವರು ಬಹಿರಂಗ ಪತ್ರ ಬರೆದು ಕೇಳಿಕೊಂಡ ಮೇಲೆ, ಮೇ ತಿಂಗಳಲ್ಲಿ ಅಲ್ಲಿನ ಸಾರ್ವಜನಿಕ ಸಭಾಂಗಣದಲ್ಲಿ ವಿಶೇಷ ಪ್ರದರ್ಶನಗಳನ್ನು ಏರ್ಪಡಿಸಲಾಯಿತು.

ಅಕೂಸ್ಟಿಕ್ ಬ್ಲೂಸ್, ಅಂದರೆ ವಿದ್ಯುತ್ ಗಿಟಾರಿನ ಅಬ್ಬರವಿಲ್ಲದೆ ಬಹುಮಟ್ಟಿಗೆ ಒಂದು ಮರದ ಗಿಟಾರು ಮತ್ತು ಒಂದು ಕಂಠದ ಬಲದ ಮೇಲೆ ನಿಲ್ಲುವ ಹಾಡುಗಾರಿಕೆ, ಮತ್ತೆ ಜನರ ಕಿವಿಗೆ ಬೀಳುತ್ತಿದೆ. ಇದಕ್ಕೆ ಆ ಚಿತ್ರವೊಂದೇ ಕಾರಣವಲ್ಲ. 1920ರ ದಶಕದ ಗ್ರಾಮಫೋನ್ ತಟ್ಟೆಗಳು ಅಮೆರಿಕದ ಕಾನೂನಿನ ಪ್ರಕಾರ ವರ್ಷಕ್ಕೊಂದು ಕಂತಿನಂತೆ ಹಕ್ಕುಸ್ವಾಮ್ಯದ ಅವಧಿ ಮುಗಿದು ಸಾರ್ವಜನಿಕ ಸ್ವತ್ತಾಗುತ್ತಿವೆ. ದಶಕಗಳ ಕಾಲ ಹೆಚ್ಚಾಗಿ ಬಿಳಿಯ ಸಂಗ್ರಾಹಕರ ಕೈಯಲ್ಲಿದ್ದ ಈ ಸಂಗೀತವನ್ನು ಕಪ್ಪು ತರುಣ ಕಲಾವಿದರು ತಮ್ಮ ಹಿರಿಯರ ಆಸ್ತಿಯೆಂದು ಹೇಳಿಯೇ ನುಡಿಸುತ್ತಿದ್ದಾರೆ. ಇದು ಸಂತೋಷದ ಬೆಳವಣಿಗೆ. ಆದರೂ ತಟ್ಟೆಗಳಿಗೆ ಮರುಜೀವ ಬಂದ ಮಾತ್ರಕ್ಕೆ ಸಂಗೀತಗಾರರ ಬದುಕು ಹಸನಾಗುವುದಿಲ್ಲ ಎಂಬುದನ್ನು ಈ ಸಂಗೀತದ ನೂರು ವರ್ಷಗಳ ಚರಿತ್ರೆ ಮತ್ತೆ ಮತ್ತೆ ತೋರಿಸಿದೆ. ಈಗಿನ ಆಸಕ್ತಿಯನ್ನೂ ಇದೇ ಪ್ರಶ್ನೆಯಿಂದ ಪರೀಕ್ಷಿಸಬೇಕು: ಹಣ ಯಾರಿಗೆ ಹೋಗುತ್ತದೆ, ಹೆಸರು ಯಾರದ್ದು ಉಳಿಯುತ್ತದೆ?

ಮೊದಲು ಈ ತಟ್ಟೆಗಳು ಹುಟ್ಟಿದ ರೀತಿಯನ್ನು ನೋಡಬೇಕು. 1920ರ ಆಗಸ್ಟ್‌ನಲ್ಲಿ ಮೇಮಿ ಸ್ಮಿತ್ ಎಂಬ ಗಾಯಕಿ ಓಕೇ ಕಂಪನಿಗೆ ಹಾಡಿದ ‘ಕ್ರೇಜಿ ಬ್ಲೂಸ್’ ಭರ್ಜರಿಯಾಗಿ ಮಾರಾಟವಾದಾಗ, ಕಪ್ಪು ಜನರೂ ದುಡ್ಡು ಕೊಟ್ಟು ತಟ್ಟೆ ಕೊಳ್ಳುತ್ತಾರೆ ಎಂಬ ಸರಳ ಸತ್ಯ ಕಂಪನಿಗಳಿಗೆ ಹೊಳೆಯಿತು. ಅವರಿಗೆಂದೇ ಪ್ರತ್ಯೇಕ ಪಟ್ಟಿಗಳು ತಯಾರಾದವು. ಈ ವ್ಯಾಪಾರದಲ್ಲಿ ಮುಂದೆ ನಿಂತ ಪ್ಯಾರಮೌಂಟ್ ಎಂಬ ಸಂಸ್ಥೆಗೂ ಅದೇ ಹೆಸರಿನ ಚಿತ್ರ ಸಂಸ್ಥೆಗೂ ಸಂಬಂಧವಿಲ್ಲ. ಅದು ವಿಸ್ಕಾನ್ಸಿನ್ ರಾಜ್ಯದ ಕುರ್ಚಿ ತಯಾರಿಸುವ ಕಂಪನಿಯೊಂದರ ಅಂಗವಾಗಿತ್ತು. ಗ್ರಾಮಫೋನಿನ ಮರದ ಪೆಟ್ಟಿಗೆಗಳನ್ನು ಮಾಡುತ್ತಿದ್ದ ಆ ಕಂಪನಿ, ಪೆಟ್ಟಿಗೆಯ ಜೊತೆಗೆ ತಟ್ಟೆಗಳನ್ನೂ ಮಾರಬಹುದೆಂದು ಅವನ್ನು ಅಚ್ಚು ಹಾಕತೊಡಗಿತು. ಬ್ಲೈಂಡ್ ಲೆಮನ್ ಜೆಫರ್ಸನ್, ಬ್ಲೈಂಡ್ ಬ್ಲೇಕ್, ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್ ಮುಂತಾಗಿ ಇಂದು ನಾವು ಭಕ್ತಿಯಿಂದ ಹೆಸರಿಸುವ ಕಲಾವಿದರ ತಟ್ಟೆಗಳು ಹೊರಬಂದದ್ದು ಈ ಕುರ್ಚಿ ಕಂಪನಿಯಿಂದಲೇ. ಕಲಾವಿದರಿಗೆ ಸಾಮಾನ್ಯವಾಗಿ ಹಾಡಿಗಿಷ್ಟು ಎಂದು ಒಂದೇ ಸಲ ಕೈಗೆ ಹಣ ಕೊಟ್ಟು ಕಳಿಸಲಾಗುತ್ತಿತ್ತು. ಮಾರಾಟದ ಮೇಲಿನ ರಾಯಲ್ಟಿ ಬಹುತೇಕರ ಕನಸಿನಲ್ಲೂ ಇರಲಿಲ್ಲ.

ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಹಿಂದೂಸ್ತಾನಿ ಸಂಗೀತದ ಕೇಳುಗರಿಗೆ ಈ ಇಕ್ಕಟ್ಟು ಪರಿಚಿತ. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್ ತಮ್ಮ ಖ್ಯಾಲುಗಳನ್ನು ಇಷ್ಟೇ ಅವಧಿಗೆ ಇಳಿಸಿ, ಕೊನೆಯಲ್ಲಿ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಿದ್ದರು. ಜೂಕ್ ಜಾಯಿಂಟಿನಲ್ಲಿ ಕುಣಿಯುವವರ ಕಾಲು ದಣಿಯುವ ತನಕ ಎಳೆಯುತ್ತಿದ್ದ ಹಾಡು ತಟ್ಟೆಗಾಗಿ ಮೂರು ನಿಮಿಷದ ಅಡಕವಾದ ರಚನೆಯಾಯಿತು. ನಾವು ಇಂದು ಕೇಳಿ ಮೆಚ್ಚುವ ಬಿಗಿಯಾದ ಶಿಲ್ಪ ಆ ಸಂಗೀತದ ಸಹಜ ಆಕಾರವಲ್ಲ, ತಟ್ಟೆಯ ಅಗಲ ಹೇರಿದ ಆಕಾರ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ತಟ್ಟೆಯನ್ನೇ ಸಂಗೀತದ ಪೂರ್ಣ ಸಾಕ್ಷಿಯೆಂದು ತಿಳಿಯುವ ತಪ್ಪು ಆಗುವುದಿಲ್ಲ.

ಸಾಕ್ಷಿಯಲ್ಲೂ ದೊಡ್ಡ ಪಾಲು ನಾಶವಾಗಿದೆ. 1929ರ ಆರ್ಥಿಕ ಕುಸಿತದ ನಂತರ ತಟ್ಟೆಗಳ ಮಾರಾಟ ನೆಲ ಕಚ್ಚಿತು. ಪ್ಯಾರಮೌಂಟ್ 1932ರಲ್ಲಿ ಧ್ವನಿಮುದ್ರಣ ನಿಲ್ಲಿಸಿತು, ಅದರ ಮೂಲ ಲೋಹದ ಅಚ್ಚುಗಳು ಗುಜರಿಗೆ ಹೋದವು. ತಟ್ಟೆ ಮಾಡಲು ಬೇಕಾದ ಅರಗು ಹೆಚ್ಚಾಗಿ ಭಾರತದಿಂದಲೇ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಆ ಸರಬರಾಜು ಇಕ್ಕಟ್ಟಿಗೆ ಸಿಕ್ಕಿದಾಗ, ಅಮೆರಿಕದ ಮನೆಗಳಲ್ಲಿದ್ದ ಹಳೆಯ ತಟ್ಟೆಗಳನ್ನು ಒಟ್ಟುಗೂಡಿಸಿ ಕರಗಿಸಲು ಕಳಿಸಲಾಯಿತು. ಹೀಗಾಗಿ ಎಷ್ಟೋ ಹಾಡುಗಳಿಗೆ ಇಂದು ಒಂದೋ ಎರಡೋ ಸವೆದ ಪ್ರತಿಗಳಷ್ಟೇ ಆಧಾರ. ಟಾಮಿ ಜಾನ್ಸನ್ ಅವರ ಒಂದು ಪ್ಯಾರಮೌಂಟ್ ತಟ್ಟೆ 2013ರಲ್ಲಿ 37,100 ಡಾಲರಿಗೆ ಹರಾಜಾಯಿತು. 1930ರಲ್ಲಿ ವಿಲಿ ಬ್ರೌನ್ ಹಾಡಿದ ತಟ್ಟೆಯೊಂದು ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಸವೆದ ತಟ್ಟೆಯ ಚರಪರ ಸದ್ದನ್ನು ಗಣಕದ ನೆರವಿನಿಂದ ಅಳಿಸುವ ಕೆಲಸವೂ ಈಗ ಜೋರಾಗಿ ನಡೆದಿದೆ. ಸದ್ದನ್ನು ಅತಿಯಾಗಿ ಅಳಿಸಿದರೆ ಗಿಟಾರಿನ ತಂತಿಯ ಮೇಲಿನ ಸ್ವರಗಳೂ ಹಾಡುಗಾರರ ಉಸಿರೂ ಅದರೊಂದಿಗೆ ಹೋಗಿಬಿಡುತ್ತವೆ. ಸ್ವಲ್ಪ ಗದ್ದಲ ಉಳಿದರೂ ಸರಿ, ಕಂಠ ಉಳಿಯಬೇಕು ಎನ್ನುವ ಪಕ್ಷಕ್ಕೆ ನಾನು ಸೇರಿದವನು.

ಈ ಸಂಗೀತದ ಮೊದಲ ಮರುಜೀವ 1960ರ ದಶಕದ್ದು, ಅದರ ಕಥೆ ಇಂದಿಗೂ ಮೈ ಜುಮ್ಮೆನಿಸುವಂಥದ್ದು. ಉತ್ತರದ ನಗರಗಳ ಬಿಳಿಯ ತರುಣರು ಹಳೆಯ ತಟ್ಟೆಗಳನ್ನು ಕೇಳಿ, ಅದರಲ್ಲಿ ಹಾಡಿದವರು ಬದುಕಿರಬಹುದೇ ಎಂದು ಹುಡುಕಲು ಹೊರಟರು. ಅವರಿಗೆ ದಾರಿ ತೋರಿದ್ದು ಹಾಡಿನ ಸಾಲುಗಳೇ. ಮಿಸಿಸಿಪಿ ಜಾನ್ ಹರ್ಟ್ 1928ರಲ್ಲಿ ಹಾಡಿದ ಒಂದು ಹಾಡಿನಲ್ಲಿ ಅವಲಾನ್ ತನ್ನ ಊರೆಂದು ಹೇಳಿಕೊಂಡಿದ್ದರು. ಆ ಒಂದು ಮಾತನ್ನು ಹಿಡಿದು 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ತರುಣ ಅಲ್ಲಿಗೆ ಹೋದಾಗ, ಸುಮಾರು 70 ವರ್ಷದ ಹರ್ಟ್ ಅಲ್ಲೇ ಇದ್ದರು. ಅದೇ ವರ್ಷ ಜಾನ್ ಫೇಹಿ ಮತ್ತು ಎಡ್ ಡೆನ್ಸನ್ ‘ಬುಕ್ಕಾ ವೈಟ್, ಹಳೆಯ ಬ್ಲೂಸ್ ಹಾಡುಗಾರ, ಅಬರ್ಡೀನ್, ಮಿಸಿಸಿಪಿ’ ಎಂದಷ್ಟೇ ವಿಳಾಸ ಬರೆದು ಅಂಚೆಗೆ ಹಾಕಿದ ಪತ್ರ ಕೈಯಿಂದ ಕೈಗೆ ಸಾಗಿ ಕೊನೆಗೆ ಅವರನ್ನೇ ಮುಟ್ಟಿತು. 1964ರ ಜೂನ್‌ನಲ್ಲಿ ಸ್ಕಿಪ್ ಜೇಮ್ಸ್ ಮಿಸಿಸಿಪಿಯ ಟುನಿಕಾ ಎಂಬಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಸಿಕ್ಕರು. ಅದೇ ತಿಂಗಳು ಸನ್ ಹೌಸ್ ಸಿಕ್ಕಿದ್ದು ದಕ್ಷಿಣದಲ್ಲಲ್ಲ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ. ಅವರು ಗಿಟಾರು ಮುಟ್ಟದೆ ವರ್ಷಗಳಾಗಿದ್ದವು. ಅವರದೇ ಹಳೆಯ ಹಾಡುಗಳನ್ನು ತಟ್ಟೆ ಕೇಳಿ ಕಲಿತಿದ್ದ ಆಲ್ ವಿಲ್ಸನ್ ಎಂಬ ತರುಣ ಜೊತೆಗೆ ಕೂತು ಅವರಿಗೆ ಮತ್ತೆ ನೆನಪು ಮಾಡಿಕೊಟ್ಟರು.

ಆ ಜೂನ್‌ನಲ್ಲೇ, ಕಪ್ಪು ಜನರಿಗೆ ಮತದಾನದ ಹಕ್ಕು ದೊರಕಿಸಿಕೊಡಲು ಮಿಸಿಸಿಪಿಯಲ್ಲಿ ದುಡಿಯುತ್ತಿದ್ದ ಮೂವರು ಕಾರ್ಯಕರ್ತರನ್ನು ನೆಷೋಬಾ ಜಿಲ್ಲೆಯಲ್ಲಿ ಕೊಲ್ಲಲಾಯಿತು. ಬ್ಲೂಸ್ ಹಾಡುಗಾರರನ್ನು ಹುಡುಕುತ್ತಿದ್ದ ಉತ್ತರದ ತರುಣರು ಅದೇ ರಸ್ತೆಗಳಲ್ಲಿ ಓಡಾಡುತ್ತಿದ್ದರು. ಹಳೆಯ ಹಾಡಿನ ಹುಡುಕಾಟವನ್ನು ಈ ಹಿನ್ನೆಲೆಯಿಂದ ಕಿತ್ತು ಬರಿಯ ಸಾಹಸ ಕಥೆಯಾಗಿ ಹೇಳುವ ರೂಢಿ ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಆ ಹಾಡುಗಾರರು ಮೂವತ್ತು ವರ್ಷ ಕಣ್ಮರೆಯಾಗಿದ್ದರೆಂದು ಹೇಳುವಾಗ ಯಾರ ಕಣ್ಣಿಗೆ ಮರೆಯಾಗಿದ್ದರು ಎಂಬುದು ಮುಖ್ಯ. ಅವರ ನೆರೆಹೊರೆಯವರಿಗೆ ಅವರು ಎಲ್ಲಿದ್ದಾರೆಂಬುದು ಚೆನ್ನಾಗಿಯೇ ಗೊತ್ತಿತ್ತು.

ಸಿಕ್ಕವರನ್ನು ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆಗೆ ಕರೆದೊಯ್ದದ್ದು, ಹೊಸ ತಟ್ಟೆಗಳನ್ನು ತಂದದ್ದು, ಅವರ ಕೊನೆಯ ವರ್ಷಗಳಿಗೆ ಗೌರವ ತಂದದ್ದು ನಿಜವಾದ ಉಪಕಾರ. ಆದರೆ ಆ ಮರುಜೀವಕ್ಕೆ ತನ್ನದೇ ಆಯ್ಕೆಯಿತ್ತು. ಅದಕ್ಕೆ ಬೇಕಾಗಿದ್ದದ್ದು ಹಳ್ಳಿಯ ಒಂಟಿ ಗಂಡಸು ಮತ್ತು ಅವನ ಮರದ ಗಿಟಾರು. ಷಿಕಾಗೋದಲ್ಲಿ ವಾದ್ಯವೃಂದ ಕಟ್ಟಿಕೊಂಡು ನಗರದ ಸಂಗೀತ ನುಡಿಸುತ್ತಿದ್ದ ಬಿಗ್ ಬಿಲ್ ಬ್ರೂಂಜಿ 1950ರ ದಶಕದಲ್ಲಿ ಯೂರೋಪಿಗೆ ಹೋದಾಗ ಹೊಲಗೆಲಸದಿಂದ ನೇರ ಬಂದ ಹಾಡುಗಾರನ ರೂಪ ತೊಡಬೇಕಾಯಿತು. ವಿದ್ಯುತ್ ಗಿಟಾರಿನಿಂದ ಷಿಕಾಗೋ ಬ್ಲೂಸನ್ನೇ ಬದಲಿಸಿದ್ದ ಮಡ್ಡಿ ವಾಟರ್ಸ್ ಅವರಿಂದ ಚೆಸ್ ಕಂಪನಿ 1963ರಲ್ಲಿ ಅಕೂಸ್ಟಿಕ್ ಗಿಟಾರಿನ ಹಾಡುಗಳನ್ನು ಮುದ್ರಿಸಿ ‘ಫೋಕ್ ಸಿಂಗರ್’ ಎಂಬ ಹೆಸರಿನಲ್ಲಿ ಹೊರತಂದಿತು. ಸಂಗೀತವಾಗಿ ಅದು ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮಾರುಕಟ್ಟೆ ಜೀವಂತ ಕಲಾವಿದನಿಗೆ ಹಿಂದಕ್ಕೆ ನಡೆಯೆಂದು ಹೇಳಿತು ಎಂಬುದು ಉಳಿಯುತ್ತದೆ.

ಇನ್ನೂ ದೊಡ್ಡ ಲೋಪ ಹೆಂಗಸರದ್ದು. 1920ರ ದಶಕದಲ್ಲಿ ಬ್ಲೂಸ್ ಎಂದರೆ ಮೊದಲು ನೆನಪಾಗುತ್ತಿದ್ದವರು ಬೆಸ್ಸಿ ಸ್ಮಿತ್, ಮಾ ರೇನಿ ಅವರಂಥ ಗಾಯಕಿಯರು. ಗಿಟಾರಿನ ಮೇಲೆ ಗಂಡಸರನ್ನು ಸೋಲಿಸಬಲ್ಲವರೆಂದು ಹೆಸರಾದ ಮೆಂಫಿಸ್ ಮಿನ್ನಿ ಮೂರು ದಶಕ ತಟ್ಟೆಗಳನ್ನು ಹೊರತಂದರು, 1927ರ ಮಿಸಿಸಿಪಿ ಪ್ರವಾಹದ ನೆನಪಿನ ಹಾಡನ್ನು ತಮ್ಮ ಸಂಗಾತಿಯೊಂದಿಗೆ 1929ರಲ್ಲಿ ಮುದ್ರಿಸಿದರು. ಅದೇ ಹಾಡನ್ನು 1971ರಲ್ಲಿ ಲೆಡ್ ಜೆಪ್ಲಿನ್ ತಂಡ ನುಡಿಸಿದ ಮೇಲೆ ಲೋಕವೆಲ್ಲ ಕೇಳಿತು. ಮಿನ್ನಿ 1973ರಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಕಲ್ಲು ಬಿದ್ದದ್ದು 1996ರಲ್ಲಿ, ಅದೂ ಗಾಯಕಿ ಬಾನಿ ರೈಟ್ ಹಣ ಕೊಟ್ಟ ಮೇಲೆ.

ರಾಬರ್ಟ್ ಜಾನ್ಸನ್ ವಿಷಯದಲ್ಲಿ ಹಣ ಮತ್ತು ಹೆಸರಿನ ಲೆಕ್ಕ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಅವರು 1936 ಮತ್ತು 1937ರಲ್ಲಿ ಟೆಕ್ಸಾಸ್‌ನಲ್ಲಿ 29 ಹಾಡುಗಳನ್ನು ಮುದ್ರಿಸಿ, 1938ರಲ್ಲಿ 27ನೆಯ ವಯಸ್ಸಿಗೆ ತೀರಿಕೊಂಡರು. ಬದುಕಿದ್ದಾಗ ಅವರ ಹೆಸರು ದೊಡ್ಡದಾಗಿರಲಿಲ್ಲ. ಆ ಕಾಲದ ಕಪ್ಪು ಕೇಳುಗರ ಮೆಚ್ಚಿನ ಹಾಡುಗಾರರು ಲೀರಾಯ್ ಕಾರ್, ಲಾನಿ ಜಾನ್ಸನ್ ಮೊದಲಾದವರು. ಕೊಲಂಬಿಯಾ ಕಂಪನಿ 1961ರಲ್ಲಿ ರಾಬರ್ಟ್ ಜಾನ್ಸನ್ ಹಾಡುಗಳ ಎಲ್‌ಪಿ ತಂದ ಮೇಲೆ ಅವರು ದಂತಕಥೆಯಾದರು. ಕೂಡುದಾರಿಯಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರು ಕಲಿತ ಕಥೆಯನ್ನು ಮೊದಲು ಹೇಳಲಾಗಿದ್ದು ಟಾಮಿ ಜಾನ್ಸನ್ ಬಗ್ಗೆ, ಅವರ ಸೋದರನ ಬಾಯಿಂದ. ಅದು ರಾಬರ್ಟ್ ಅವರ ಹೆಸರಿಗೆ ಅಂಟಿದ್ದು ಆಮೇಲೆ. ಹಗಲು ರಾತ್ರಿ ಕೂತು, ಹಿರಿಯರ ಬೆರಳು ನೋಡಿ, ತಟ್ಟೆ ಕೇಳಿ ಕಲಿತ ವಿದ್ಯೆಯನ್ನು ಸೈತಾನನ ವರವೆನ್ನುವ ಕಥೆ ಆ ಕಲಾವಿದನ ದುಡಿಮೆಯನ್ನೇ ಕಸಿದುಕೊಳ್ಳುತ್ತದೆ ಎಂಬುದು ನನ್ನ ಭಾವನೆ.

1990ರಲ್ಲಿ ಅವರ ಎಲ್ಲ ಮುದ್ರಣಗಳ ಸಂಪುಟ ಹೊರಬಂದು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದಾಗ, ಈ ಹಣ ಯಾರದ್ದು ಎಂಬ ಪ್ರಶ್ನೆ ಎದ್ದಿತು. ಮಿಸಿಸಿಪಿಯಲ್ಲಿ ಜಲ್ಲಿ ಸಾಗಿಸುವ ಲಾರಿ ಓಡಿಸುತ್ತಿದ್ದ ಕ್ಲಾಡ್ ಜಾನ್ಸನ್ ತಾನು ಅವರ ಮಗನೆಂದು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದರು. 1998ರಲ್ಲಿ ಅವರೇ ವಾರಸುದಾರರೆಂದು ತೀರ್ಪು ಬಂತು, 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಒಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ, ರೋಲಿಂಗ್ ಸ್ಟೋನ್ಸ್ ತಂಡ ಹಾಡಿದ್ದ ರಾಬರ್ಟ್ ಜಾನ್ಸನ್ ಅವರ ಎರಡು ಹಾಡುಗಳು ಸಾರ್ವಜನಿಕ ಸ್ವತ್ತೆಂಬ ವಾದವನ್ನು ತಳ್ಳಿಹಾಕಿತು. ಹಿಂದೆ ತಟ್ಟೆ ಮಾರಿದ ಮಾತ್ರಕ್ಕೆ ಹಾಡಿನ ರಚನೆ ಪ್ರಕಟವಾದಂತಲ್ಲ ಎಂಬುದು ಅದರ ತರ್ಕ. ಸ್ಕಿಪ್ ಜೇಮ್ಸ್ ಅವರಿಗೆ ಕಾನೂನಿಗಿಂತ ಮೊದಲು ಕಾಲ ಕೂಡಿಬಂತು. 1966ರಲ್ಲಿ ಕ್ರೀಮ್ ತಂಡ ಅವರ ‘ಐ ಆಮ್ ಸೋ ಗ್ಲಾಡ್’ ಹಾಡನ್ನು ಮುದ್ರಿಸಿದಾಗ ಬಂದ ರಾಯಲ್ಟಿ ಅವರ ಕ್ಯಾನ್ಸರ್ ಚಿಕಿತ್ಸೆಗೆ ಒದಗಿತು. ಹೀಗೆ ಹಣ ಮುಟ್ಟಿದವರು ಬೆರಳೆಣಿಕೆಯವರು, ಮತ್ತು ಮುಟ್ಟಿದ ಕಡೆಯಲ್ಲೆಲ್ಲ ಅದಕ್ಕಾಗಿ ಬೆನ್ನು ಹತ್ತಿದವರು ಯಾರೋ ಇದ್ದರು.

ಈಗಿನ ಸ್ಥಿತಿಗೆ ಬರೋಣ. 2018ರಲ್ಲಿ ಅಮೆರಿಕ ತಂದ ಸಂಗೀತ ಕಾಯ್ದೆ ಹಳೆಯ ಧ್ವನಿಮುದ್ರಣಗಳಿಗೆ ಮೊದಲ ಸಲ ಒಂದು ಸ್ಪಷ್ಟ ವೇಳಾಪಟ್ಟಿ ಹಾಕಿತು. 1923ಕ್ಕಿಂತ ಹಿಂದಿನವು 2022ರ ಜನವರಿ 1ರಂದು ಒಟ್ಟಿಗೆ ಮುಕ್ತವಾದವು. 1923ರಿಂದ 1946ರ ತನಕ ಪ್ರಕಟವಾದವಕ್ಕೆ ನೂರು ವರ್ಷದ ರಕ್ಷಣೆ. 1925ರ ಮುದ್ರಣಗಳು 2026ರ ಜನವರಿ 1ರಂದು ಮುಕ್ತವಾದವು, 1926ರವು 2027ರಲ್ಲಿ ಆಗುತ್ತವೆ. ಚಾರ್ಲಿ ಪ್ಯಾಟನ್ ಅವರ 1929ರ ತಟ್ಟೆಗಳಿಗೆ 2030ರ ತನಕ, ರಾಬರ್ಟ್ ಜಾನ್ಸನ್ ಅವರ 1937ರ ತಟ್ಟೆಗಳಿಗೆ 2038ರ ತನಕ ಕಾಯಬೇಕು. ಭಾರತದಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ನಂತರ 60 ವರ್ಷದ ಹಕ್ಕು ಮಾತ್ರ ಇರುವುದರಿಂದ ಬೆಂಗಳೂರಿನಲ್ಲಿ ಕೂತ ಕೇಳುಗನಿಗೆ ಇವೆಲ್ಲ ಎಂದೋ ಮುಕ್ತವಾಗಿವೆ. ಅಮೆರಿಕದಲ್ಲಿ ಮಾತ್ರ ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡಿ ಉಚಿತವಾಗಿ ಇಟ್ಟಿದ್ದಕ್ಕೆ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ಮೇಲೆ ದೊಡ್ಡ ಕಂಪನಿಗಳು 2023ರಲ್ಲಿ ಮೊಕದ್ದಮೆ ಹೂಡಿದವು, 2025ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ಅದೇ ಕಾಯ್ದೆಯಲ್ಲಿ ಕಡಿಮೆ ಚರ್ಚೆಯಾದ ಇನ್ನೊಂದು ಭಾಗವಿದೆ. 1972ಕ್ಕಿಂತ ಹಿಂದಿನ ಮುದ್ರಣಗಳಿಗೂ ಡಿಜಿಟಲ್ ರೇಡಿಯೊ ರಾಯಲ್ಟಿ ಕೊಡಬೇಕೆಂದು ಅದು ವಿಧಿಸಿತು. ಈ ಹಣದಲ್ಲಿ ಅರ್ಧ ಮುದ್ರಣದ ಒಡೆಯರಿಗೆ, ಶೇ 45 ಮುಖ್ಯ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ನೇರವಾಗಿ, ಶೇ 5 ಪಕ್ಕವಾದ್ಯದವರಿಗೆ ಹೋಗುತ್ತದೆ. ಆದರೆ ಪಡೆಯಬೇಕಾದವರು ಮುಂದೆ ಬಂದು ಹೆಸರು ನೋಂದಾಯಿಸಬೇಕು. ಜನನ ದಾಖಲೆ, ವಿವಾಹ ದಾಖಲೆಗಳೇ ಸರಿಯಾಗಿಲ್ಲದ ಕುಟುಂಬಗಳು, ಅಜ್ಜ ತಟ್ಟೆಗೆ ಹಾಡಿದ್ದನೆಂಬುದೇ ಗೊತ್ತಿಲ್ಲದ ಮೊಮ್ಮಕ್ಕಳು ಇದನ್ನು ಮಾಡುವುದು ಸುಲಭವಲ್ಲ. ನಾವು ಆಯ್ದು ಕೇಳುವ ಸ್ಟ್ರೀಮಿಂಗ್ ಸೇವೆಗಳ ಹಣವಂತೂ ಈ ಪಾಲುಪಟ್ಟಿಗೆ ಬರುವುದೇ ಇಲ್ಲ, ಅದು ಕಂಪನಿಗಳ ಒಪ್ಪಂದದ ಪ್ರಕಾರ ಹೋಗುತ್ತದೆ. ಹಕ್ಕು ಮುಗಿದು ತಟ್ಟೆ ಮುಕ್ತವಾದ ದಿನ ಆ ಶೇ 45 ಕೂಡ ನಿಂತುಹೋಗುತ್ತದೆ. ಹಾಡು ಎಲ್ಲರದ್ದಾಗುವುದನ್ನು ನಾನು ಸ್ವಾಗತಿಸುತ್ತೇನೆ. ಆ ಕುಟುಂಬಗಳಿಗೆ ನ್ಯಾಯವಾಗಿ ಹಣ ಸಿಗಬಹುದಾದ ಅವಧಿ ಹೀಗೆ ವರ್ಷ ವರ್ಷಕ್ಕೂ ಕರಗುತ್ತಿದೆ ಎಂಬುದನ್ನೂ ಹೇಳದೆ ಇರಲಾರೆ.

ಜೀವಂತ ಪರಂಪರೆಯ ಕಡೆ ನೋಡಿದರೆ ಭರವಸೆ ಹೆಚ್ಚು. ಮಿಸಿಸಿಪಿಯ ಬೆಂಟೋನಿಯಾ ಎಂಬ ಹಳ್ಳಿಯಲ್ಲಿ ಜಿಮ್ಮಿ ‘ಡಕ್’ ಹೋಮ್ಸ್ ಅವರ ತಂದೆತಾಯಿ 1948ರಲ್ಲಿ ತೆರೆದ ಬ್ಲೂ ಫ್ರಂಟ್ ಕೆಫೆ ಇದೆ. ಗಿಟಾರಿನ ತಂತಿಗಳನ್ನು ಮೈನರ್ ಸ್ವರಗುಚ್ಛಕ್ಕೆ ಶ್ರುತಿ ಮಾಡಿ ನುಡಿಸುವ, ಸ್ಕಿಪ್ ಜೇಮ್ಸ್ ಅವರಿಂದ ಲೋಕಕ್ಕೆ ಗೊತ್ತಾದ ಆ ಊರಿನ ಬಾನಿಯನ್ನು ಹೋಮ್ಸ್ ತಟ್ಟೆಯಿಂದ ಕಲಿಯಲಿಲ್ಲ, ಜ್ಯಾಕ್ ಓವೆನ್ಸ್ ಮೊದಲಾದ ಊರ ಹಿರಿಯರ ಎದುರು ಕೂತು ಕಲಿತರು. 2019ರಲ್ಲಿ ಬಂದ ಅವರ ‘ಸೈಪ್ರೆಸ್ ಗ್ರೋವ್’ ಗ್ರ್ಯಾಮಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ರಿಯಾನನ್ ಗಿಡೆನ್ಸ್ ಮತ್ತು ಅವರ ಗೆಳೆಯರು 2005ರ ನಂತರ ನಾರ್ತ್ ಕೆರೊಲಿನಾದ ವೃದ್ಧ ಪಿಟೀಲುವಾದಕ ಜೋ ಥಾಂಪ್ಸನ್ ಅವರ ಮನೆಗೆ ಹೋಗಿ ಕಲಿತು ಕಟ್ಟಿದ ತಂಡ, ಬ್ಲೂಸಿನ ಪಕ್ಕದಲ್ಲೇ ಬೆಳೆದಿದ್ದ ಕಪ್ಪು ತಂತಿವಾದ್ಯ ಮೇಳಗಳ ಪರಂಪರೆಯನ್ನು ಮತ್ತೆ ಬೆಳಕಿಗೆ ತಂದಿತು. ಜೆರಾನ್ ಪ್ಯಾಕ್ಸ್‌ಟನ್, ಜಾರ್ಜಿಯಾದ ಜಾಂಟೇವಿಯಸ್ ವಿಲಿಸ್ ಮೊದಲಾದವರು 1920ರ ದಶಕದ ಬೆರಳುಗಾರಿಕೆಯನ್ನು ಕರಗತ ಮಾಡಿಕೊಂಡು ಅದರಲ್ಲಿ ತಮ್ಮದೇ ಹೊಸ ಹಾಡುಗಳನ್ನು ಕಟ್ಟುತ್ತಿದ್ದಾರೆ. 1960ರ ದಶಕದಲ್ಲಿ ಹಿರಿಯರಿಗೆ ಹಿಂದಕ್ಕೆ ನಡೆಯೆಂದು ಮಾರುಕಟ್ಟೆ ಹೇಳಿದ್ದಕ್ಕೂ, ಇವರು ತಾವಾಗಿಯೇ ಈ ಬಾನಿಯನ್ನು ಆಯ್ದುಕೊಂಡದ್ದಕ್ಕೂ ಬಹಳ ವ್ಯತ್ಯಾಸವಿದೆ.

ಮುಪ್ಪಿನ ಕಲಾವಿದರ ವಿಷಯದಲ್ಲಿ ಕೆಲಸ ಮಾಡಿ ತೋರಿಸಿದ ಮಾದರಿಯೂ ಇದೆ. ನಾರ್ತ್ ಕೆರೊಲಿನಾದಲ್ಲಿ 1994ರಲ್ಲಿ ಆರಂಭವಾದ ಮ್ಯೂಸಿಕ್ ಮೇಕರ್ ಸಂಸ್ಥೆ ದಕ್ಷಿಣದ ಬಡ ಹಿರಿಯ ಸಂಗೀತಗಾರರಿಗೆ ಔಷಧಿ, ದಿನಸಿ, ಮನೆ ದುರಸ್ತಿಗೆ ನೆರವು ಕೊಡುತ್ತದೆ, ಕಛೇರಿಗಳನ್ನು ಏರ್ಪಡಿಸುತ್ತದೆ, ಧ್ವನಿಮುದ್ರಣವನ್ನೂ ಮಾಡುತ್ತದೆ. ಸತ್ತವರ ತಟ್ಟೆಗೆ 37,100 ಡಾಲರು ಕೊಡುವ ಅಭಿಮಾನ ಬದುಕಿರುವವರ ಬಾಡಿಗೆಯತ್ತಲೂ ತಿರುಗಬಹುದು ಎಂಬುದಕ್ಕೆ ಇದು ಪುರಾವೆ.

2027ರ ಜನವರಿಯಲ್ಲಿ ಮುಕ್ತವಾಗಲಿರುವ ತಟ್ಟೆಗಳಲ್ಲಿ ಬ್ಲೈಂಡ್ ಲೆಮನ್ ಜೆಫರ್ಸನ್ ಅವರ ಮೊದಲ ಬ್ಲೂಸ್ ಹಾಡುಗಳಿವೆ. ಪ್ಯಾರಮೌಂಟಿಗೆ ಅಪಾರ ಲಾಭ ತಂದ ಅವರು 1929ರಲ್ಲಿ ತೀರಿಕೊಂಡರು, ಟೆಕ್ಸಾಸ್‌ನ ವೊರ್ಥಮ್‌ನಲ್ಲಿ ಅವರನ್ನು ಹೂಳಿದ ಜಾಗಕ್ಕೆ 1967ರ ತನಕ ಗುರುತಿನ ಫಲಕವೂ ಇರಲಿಲ್ಲ. ಆ ದಿನದಿಂದ ಅಮೆರಿಕದಲ್ಲೂ ಯಾರು ಬೇಕಾದರೂ ಈ ಹಾಡುಗಳನ್ನು ಹಂಚಬಹುದು, ಮಾರಬಹುದು, ಜಾಹೀರಾತಿಗೆ ಬಳಸಬಹುದು; ಹಾಡಿದವರ ಹೆಸರು ಬರೆಯಬೇಕೆಂಬ ಕಟ್ಟಳೆಯೂ ಇರುವುದಿಲ್ಲ. ಹಾಗೆ ಮಾರುವವರು ಹಾಡಿದವರ ಹೆಸರು, ಮುದ್ರಿಸಿದ ಊರು ಮತ್ತು ವರ್ಷವನ್ನು ಸರಿಯಾಗಿ ನಮೂದಿಸಬೇಕು. ಬಂದ ಹಣದಲ್ಲಿ ಒಂದು ಪಾಲನ್ನು ಅವರ ವಾರಸುದಾರರಿಗೆ, ವಾರಸುದಾರರು ಸಿಗದಿದ್ದರೆ ಈಗ ಅದೇ ಬಾನಿಯಲ್ಲಿ ಹಾಡುತ್ತಿರುವ ಹಿರಿಯರ ನೆರವಿಗೆ ಎತ್ತಿಡಬೇಕು. ಕಾನೂನು ಇದನ್ನು ಕೇಳುವುದಿಲ್ಲವಾದ್ದರಿಂದ ಕೊಳ್ಳುವ ಕೇಳುಗರಾದ ನಾವೇ ಕೇಳಬೇಕಾಗಿದೆ.